ಅಗ್ಗದ ಚಹಾವನ್ನು ಕಡಲಿಗೆ ಸುರಿದದ್ದೇಕೆ?

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ಇಲ್ಲಿ ಬಹಳ ವರ್ಷ ಸಮಾಜ ವಿಜ್ಞಾನ ಬೋಧಿಸಿದ ಮೇಷ್ಟ್ರು ನಾನು. ಆದ್ದರಿಂದ ಒಂದು ಪಾಠವನ್ನೇ ಬರೆದುಕೊಡುವುದು ಸರಿಯೆನಿಸಿತು. ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮದ ಕಾರಣಗಳು ಎಂಬ ಪಾಠ ಅದು.

ಪರೀಕ್ಷೆಗೆಂದು ಈ ಕಾರಣಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿ ಮಾಡಿ ಬಾಯಿಪಾಠ ಮಾಡುವುದು ರೂಢಿ. ನೌಕಾಯಾನ ಕಾಯಿದೆ, ಸಕ್ಕರೆ ಕಾಯಿದೆ, ಸ್ಟಾಂಪ್ ಕಾಯಿದೆ, ಟೌನ್‌ಶೆಂಡ್ ಸುಂಕಗಳು, ಬೋಸ್ಟನ್ ಚಹಾ ಪ್ರಕರಣ. ಪಟ್ಟಿ ಸರಿಯಾಗಿಯೇ ಇದೆ. ಆದರೆ ಚಹಾ ಪ್ರಕರಣಕ್ಕೆ ಬಂದಾಗ ಹೆಚ್ಚುಕಡಿಮೆ ಪ್ರತಿ ವರ್ಷವೂ ತರಗತಿಯಲ್ಲಿ ಯಾರಾದರೊಬ್ಬರು ಎದ್ದು ನಿಂತು ಕೇಳುತ್ತಿದ್ದ ಪ್ರಶ್ನೆಯೊಂದಿದೆ: "ಸಾರ್, ಆ ಕಾಯಿದೆಯಿಂದ ಚಹಾ ಅಗ್ಗ ಆಯ್ತು ಅಂತೀರಿ. ಅಗ್ಗ ಆದ ಮೇಲೆ ಅದನ್ನ ಯಾಕೆ ಸಮುದ್ರಕ್ಕೆ ಹಾಕಿದ್ರು?" ಎರಡು ಅಂಕದ ಉತ್ತರದಲ್ಲಿ ಇದಕ್ಕೆ ಜಾಗ ಸಾಲದು. ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಗೆದ್ದವರ ಸಾಲ

ಕಥೆ ಆರಂಭವಾಗುವುದು ಸಂತೋಷದಿಂದ. 1763ರಲ್ಲಿ ಪ್ಯಾರಿಸ್ ಒಪ್ಪಂದದೊಂದಿಗೆ ಏಳು ವರ್ಷಗಳ ಯುದ್ಧ ಮುಗಿಯಿತು. ಫ್ರೆಂಚರು ಕೆನಡಾವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟರು. ಅಟ್ಲಾಂಟಿಕ್ ಕರಾವಳಿಯ ಹದಿಮೂರು ವಸಾಹತುಗಳ ಜನ ಗಂಟೆ ಬಾರಿಸಿ, ದೀಪ ಹಚ್ಚಿ ಹಬ್ಬ ಮಾಡಿದರು. ತಾವು ಬ್ರಿಟಿಷರೆಂಬ ಹೆಮ್ಮೆ ಅವರಿಗಿತ್ತು. ಮೂರನೆಯ ಜಾರ್ಜ್ ದೊರೆಯ ಮೇಲೆ ಪ್ರೀತಿಯಿತ್ತು. ಸ್ವಾತಂತ್ರ್ಯದ ಮಾತು ಯಾರ ಬಾಯಲ್ಲೂ ಇರಲಿಲ್ಲ.

ಆದರೆ ಗೆಲುವಿನ ಜೊತೆಗೆ ಸಾಲವೂ ಬಂದಿತ್ತು. ಬ್ರಿಟನ್ನಿನ ರಾಷ್ಟ್ರೀಯ ಸಾಲ ಯುದ್ಧಕಾಲದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಹೊಸದಾಗಿ ಸಿಕ್ಕ ಪ್ರದೇಶದ ಕಾವಲಿಗೆ ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇರಿಸಲು ಲಂಡನ್ನಿನ ಸರ್ಕಾರ ತೀರ್ಮಾನಿಸಿತು. ಅದರ ಖರ್ಚು ವರ್ಷಕ್ಕೆ ಎರಡು ಲಕ್ಷ ಪೌಂಡಿಗೂ ಹೆಚ್ಚು. ಬ್ರಿಟನ್ನಿನೊಳಗಿನ ಜನ ಆಗಲೇ ಭಾರಿ ತೆರಿಗೆ ಕೊಡುತ್ತಿದ್ದರು, ವಸಾಹತಿನವರಿಗಿಂತ ಹಲವು ಪಟ್ಟು. ಆದ್ದರಿಂದ ಮಂತ್ರಿ ಜಾರ್ಜ್ ಗ್ರೆನ್‌ವಿಲ್‌ನ ವಾದ ಸರಳವಾಗಿತ್ತು: ಅಮೆರಿಕದವರ ರಕ್ಷಣೆಗಾಗಿ ಆಗುವ ಖರ್ಚಿನಲ್ಲಿ ಒಂದಿಷ್ಟನ್ನು ಅಮೆರಿಕದವರೇ ಕೊಡಲಿ. ಈ ವಾದವನ್ನು ನಾವು ಮೂರ್ಖತನವೆಂದು ತಳ್ಳಿಹಾಕಬಾರದು. ಲೆಕ್ಕದ ದೃಷ್ಟಿಯಿಂದ ಅದರಲ್ಲಿ ಅರ್ಥವಿತ್ತು. ಹಾಗಿದ್ದರೆ ಅದು ಜನರಿಗೆ ಸಹಿಸಲಾಗದ್ದು ಏಕಾಯಿತು?

ಇದಕ್ಕೆ ಉತ್ತರ ಹಿಂದಿನ ನೂರೈವತ್ತು ವರ್ಷಗಳಲ್ಲಿದೆ. ವರ್ಜೀನಿಯದಲ್ಲಿ ಜನಪ್ರತಿನಿಧಿಗಳ ಸಭೆ ಮೊದಲು ಸೇರಿದ್ದು 1619ರಲ್ಲಿ. ಮುಂದೆ ಪ್ರತಿ ವಸಾಹತಿನಲ್ಲೂ ಅಂಥ ಸಭೆಗಳು ಬೆಳೆದವು. ರಸ್ತೆಗಾಗಲಿ, ಸೈನಿಕರಿಗಾಗಲಿ, ರಾಜ್ಯಪಾಲನ ಸಂಬಳಕ್ಕಾಗಲಿ ಎಷ್ಟು ಹಣ ಎತ್ತಬೇಕೆಂದು ತೀರ್ಮಾನಿಸುತ್ತಿದ್ದದ್ದು ಆ ಸಭೆಗಳು. ಲಂಡನ್ನಿನ ಸಂಸತ್ತು ವ್ಯಾಪಾರಕ್ಕೆ ಕಟ್ಟುಪಾಡು ಹಾಕುತ್ತಿತ್ತು, ಅದಕ್ಕಾಗಿ ಬಂದರಿನಲ್ಲಿ ಸುಂಕವನ್ನೂ ಹೇರುತ್ತಿತ್ತು, ನಿಜ. 1651ರಿಂದ ಬಂದ ನೌಕಾಯಾನ ಕಾಯಿದೆಗಳ ಪ್ರಕಾರ ಸರಕು ಬ್ರಿಟಿಷ್ ಅಥವಾ ವಸಾಹತಿನ ಹಡಗಿನಲ್ಲೇ ಹೋಗಬೇಕು, ತಂಬಾಕಿನಂಥ ಬೆಳೆ ಮೊದಲು ಬ್ರಿಟನ್ನಿಗೇ ಹೋಗಬೇಕು. ಆದರೆ ಈ ಕಾಯಿದೆಗಳನ್ನು ಬಿಗಿಯಾಗಿ ಜಾರಿ ಮಾಡಿದವರು ಕಡಿಮೆ. ಅಟ್ಲಾಂಟಿಕ್ ದಾಟಲು ಒಂದೂವರೆ ಎರಡು ತಿಂಗಳು ಬೇಕಾಗಿದ್ದ ಕಾಲ ಅದು. ಕಂಡೂ ಕಾಣದಂತೆ ಇರುವುದೇ ಆಡಳಿತದ ಪದ್ಧತಿಯಾಗಿತ್ತು. ಮೂರು ನಾಲ್ಕು ತಲೆಮಾರು ಹೀಗೆ ನಡೆದು ಬಂದದ್ದು ಜನರ ಮನಸ್ಸಿನಲ್ಲಿ ಹಕ್ಕಾಗಿ ಕುಳಿತಿತ್ತು.

ಕಾಕಂಬಿಯ ಸುಂಕ

1763ರ ಅಕ್ಟೋಬರಿನಲ್ಲಿ ದೊರೆಯ ಹೆಸರಿನಲ್ಲಿ ಒಂದು ಘೋಷಣೆ ಹೊರಟಿತು. ಅಪಲಾಚಿಯನ್ ಬೆಟ್ಟಸಾಲಿನ ಪಶ್ಚಿಮಕ್ಕೆ ವಸಾಹತಿನವರು ಹೋಗಿ ನೆಲೆಸಕೂಡದು, ಅದು ಮೂಲನಿವಾಸಿಗಳಿಗೆ ಮೀಸಲಾದ ನೆಲ ಎಂದು ಅದು ಹೇಳಿತು. ಯುದ್ಧ ಗೆದ್ದರೆ ಹೊಸ ಜಮೀನು ಸಿಗುತ್ತದೆಂದು ಕಾದಿದ್ದವರಿಗೆ, ಅದರಲ್ಲೂ ಜಮೀನಿನ ವ್ಯಾಪಾರದಲ್ಲಿ ಹಣ ಹೂಡಿದ್ದ ದೊಡ್ಡವರಿಗೆ ಇದು ಮೊದಲ ನಿರಾಸೆ.

ಮರುವರ್ಷ, 1764ರಲ್ಲಿ, ಸಕ್ಕರೆ ಕಾಯಿದೆ ಬಂತು. ಹೆಸರು ಸಕ್ಕರೆಯದ್ದಾದರೂ ಬಿಸಿ ತಟ್ಟಿದ್ದು ಕಾಕಂಬಿಗೆ. ವೆಸ್ಟ್ ಇಂಡೀಸ್ ದ್ವೀಪಗಳಿಂದ ಕಾಕಂಬಿ ತಂದು ರಮ್ ಬಟ್ಟಿ ಇಳಿಸುವುದು ಉತ್ತರದ ವಸಾಹತುಗಳ ದೊಡ್ಡ ಕಸುಬು. ಬ್ರಿಟಿಷರಲ್ಲದವರ ದ್ವೀಪಗಳಿಂದ ಬರುವ ಕಾಕಂಬಿಗೆ 1733ರಿಂದಲೇ ಗ್ಯಾಲನ್ನಿಗೆ 6 ಪೆನ್ನಿ ಸುಂಕವಿತ್ತು. ಅದನ್ನು ಯಾರೂ ಕೊಡುತ್ತಿರಲಿಲ್ಲ. ಸುಂಕದ ಅಧಿಕಾರಿಗೆ ಅಷ್ಟಿಷ್ಟು ಕೊಟ್ಟು ಸರಕು ಇಳಿಸಿಕೊಳ್ಳುತ್ತಿದ್ದರು. ಗ್ರೆನ್‌ವಿಲ್ ಸುಂಕವನ್ನು ಅರ್ಧಕ್ಕೆ, 3 ಪೆನ್ನಿಗೆ ಇಳಿಸಿದ. ಇಳಿಸಿ, ಅದನ್ನು ವಸೂಲು ಮಾಡಲು ನೌಕಾಪಡೆಯನ್ನು ಕಳುಹಿಸಿದ. ಸಿಕ್ಕಿಬಿದ್ದ ವ್ಯಾಪಾರಿಯ ವಿಚಾರಣೆ ಪಂಚರಿಲ್ಲದ ನೌಕಾ ನ್ಯಾಯಾಲಯದಲ್ಲಿ ನಡೆಯಬಹುದಿತ್ತು. ಊರಿನ ಹನ್ನೆರಡು ಜನ ಪಂಚರು ಕುಳಿತು ನ್ಯಾಯ ಹೇಳುವುದು ಇಂಗ್ಲಿಷ್ ಪ್ರಜೆಯ ಹಳೆಯ ಹಕ್ಕು. ಅದು ಇಲ್ಲಿ ತಪ್ಪಿತು. ವಶಪಡಿಸಿಕೊಂಡ ಹಡಗಿನ ಬೆಲೆಯಲ್ಲಿ ಹಿಡಿದವರಿಗೂ ಒಂದು ಪಾಲು ಸಿಗುತ್ತಿತ್ತು. ಹಾಗಿದ್ದ ಮೇಲೆ ಅಧಿಕಾರಿಗಳ ಉತ್ಸಾಹ ಹೇಗಿದ್ದೀತು ಎಂದು ನೀವೇ ಊಹಿಸಬಹುದು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶ ಇದು. ದರ ಇಳಿಯಿತು, ಅಸಮಾಧಾನ ಏರಿತು. ಈ ಕಾಯಿದೆಯ ಪೀಠಿಕೆಯಲ್ಲೇ ಇದರ ಉದ್ದೇಶ ಬೊಕ್ಕಸಕ್ಕೆ ಹಣ ಕೂಡಿಸುವುದು ಎಂದು ಬರೆಯಲಾಗಿತ್ತು. ಅದುವರೆಗಿನ ಸುಂಕಗಳು ವ್ಯಾಪಾರವನ್ನು ಒಂದು ದಾರಿಗೆ ಹಚ್ಚಲು ಎಂದು ಜನ ಒಪ್ಪಿಕೊಂಡಿದ್ದರು. ಈಗ ಸಂಸತ್ತು ನೇರವಾಗಿ ತಮ್ಮ ಜೇಬಿಗೆ ಕೈಹಾಕಿದೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಬಿತ್ತು. ಅದೇ ವರ್ಷ ಬಂದ ನಾಣ್ಯ ಕಾಯಿದೆ, ವಸಾಹತುಗಳು ಚಲಾವಣೆಗಾಗಿ ಹೊಸ ಕಾಗದದ ಹಣ ಹೊರಡಿಸುವುದನ್ನು ತಡೆಯಿತು. ಯುದ್ಧ ಮುಗಿದು ವ್ಯಾಪಾರ ಕುಸಿದಿದ್ದ ಹೊತ್ತಿನಲ್ಲಿ ಕೈಯಲ್ಲಿ ಓಡಾಡುವ ಹಣವೂ ಇಲ್ಲವಾಯಿತು.

ಛಾಪಾ ಕಾಗದ

ಜಮೀನು ಕ್ರಯವಾಗಬೇಕಾದರೆ ಛಾಪಾ ಕಾಗದ ಬೇಕೆಂಬುದು ನಮ್ಮ ಊರಿನ ಪ್ರತಿ ಮನೆಗೂ ಗೊತ್ತು. ಈಗ ಇ-ಸ್ಟಾಂಪಿಂಗ್ ಬಂದಿದೆ, ತತ್ತ್ವ ಅದೇ. 1765ರ ಮಾರ್ಚ್ ತಿಂಗಳಿನಲ್ಲಿ ಸಂಸತ್ತು ಅಂಗೀಕರಿಸಿದ ಸ್ಟಾಂಪ್ ಕಾಯಿದೆ ಇಂಥದ್ದೇ. ಕ್ರಯಪತ್ರ, ಉಯಿಲು, ನ್ಯಾಯಾಲಯದ ಕಾಗದ, ಹೆಂಡದಂಗಡಿಯ ಪರವಾನಗಿ, ವೃತ್ತಪತ್ರಿಕೆ, ಪಂಚಾಂಗ ಎಲ್ಲವೂ ಮುದ್ರೆಯೊತ್ತಿದ ಕಾಗದದ ಮೇಲೇ ಇರಬೇಕು. ಇಸ್ಪೀಟಿನ ಒಂದು ಕಟ್ಟಿಗೆ 1 ಶಿಲ್ಲಿಂಗ್, ದಾಳದ ಜೋಡಿಗೆ 10 ಶಿಲ್ಲಿಂಗ್, ಕಾಲೇಜಿನ ಪದವಿ ಪತ್ರಕ್ಕೆ 2 ಪೌಂಡ್. ಆಗಿನ ಲೆಕ್ಕದಲ್ಲಿ 12 ಪೆನ್ನಿಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗಿಗೆ ಒಂದು ಪೌಂಡ್. ಅದನ್ನೂ ಬ್ರಿಟಿಷ್ ಹಣದಲ್ಲೇ ಕೊಡಬೇಕು. ಬ್ರಿಟನ್ನಿನಲ್ಲಿ ಇಂಥ ತೆರಿಗೆ ಬಹಳ ಹಿಂದಿನಿಂದ ಇತ್ತು. ಆದ್ದರಿಂದ ಸಂಸತ್ತಿನಲ್ಲಿ ಹೆಚ್ಚು ಚರ್ಚೆಯಿಲ್ಲದೆ ಅದು ಪಾಸಾಯಿತು.

ಈ ತೆರಿಗೆ ಯಾರ ಮೇಲೆ ಬಿತ್ತು ನೋಡಿ. ವಕೀಲರು, ಮುದ್ರಕರು, ವ್ಯಾಪಾರಿಗಳು, ಪಾದ್ರಿಗಳು, ಹೆಂಡದಂಗಡಿಯವರು. ಊರಿನಲ್ಲಿ ಬರೆಯಬಲ್ಲವರು, ಮಾತನಾಡಬಲ್ಲವರು, ನಾಲ್ಕು ಜನರನ್ನು ಸೇರಿಸಬಲ್ಲವರು ಇವರೇ. ಇಂಥವರನ್ನೆಲ್ಲ ಒಂದೇ ದಿನ ಎದುರುಹಾಕಿಕೊಂಡ ಕಾಯಿದೆ ಇದು. ಮೇ ತಿಂಗಳಿನಲ್ಲಿ ವರ್ಜೀನಿಯದ ಸಭೆಯಲ್ಲಿ ಪ್ಯಾಟ್ರಿಕ್ ಹೆನ್ರಿ ಎಂಬ ತರುಣ ವಕೀಲ ನಿರ್ಣಯಗಳನ್ನು ಮಂಡಿಸಿದ. ವರ್ಜೀನಿಯದವರ ಮೇಲೆ ತೆರಿಗೆ ಹಾಕುವ ಹಕ್ಕು ಅವರದೇ ಸಭೆಗೆ ಇದೆ ಎಂಬುದು ಅವುಗಳ ಸಾರ. ಆಗಸ್ಟ್ 14ರಂದು ಬೋಸ್ಟನ್ನಿನಲ್ಲಿ ಛಾಪಾ ಕಾಗದ ಹಂಚಲು ನೇಮಕವಾಗಿದ್ದ ಆಂಡ್ರ್ಯೂ ಆಲಿವರನ ಪ್ರತಿಕೃತಿಯನ್ನು ಒಂದು ದೊಡ್ಡ ಮರಕ್ಕೆ ನೇತುಹಾಕಿದರು. ಹನ್ನೆರಡು ದಿನಗಳ ನಂತರ ಗುಂಪೊಂದು ಉಪ ರಾಜ್ಯಪಾಲ ಥಾಮಸ್ ಹಚಿನ್ಸನ್‌ನ ಮನೆಗೆ ನುಗ್ಗಿ ಗೋಡೆ ಮಾಡು ಬಿಡದೆ ಹಾಳುಗೆಡವಿತು. ಸ್ವಾತಂತ್ರ್ಯದ ಪುತ್ರರು ಎಂಬ ಹೆಸರಿನ ಗುಂಪುಗಳು ಊರೂರಿನಲ್ಲಿ ಹುಟ್ಟಿದವು. ಕಾಯಿದೆ ಜಾರಿಯಾಗಬೇಕಾಗಿದ್ದ ನವೆಂಬರ್ 1ರ ಹೊತ್ತಿಗೆ ಛಾಪಾ ಕಾಗದ ಹಂಚಬೇಕಾದವರಲ್ಲಿ ಬಹುತೇಕ ಎಲ್ಲರೂ ರಾಜೀನಾಮೆ ಕೊಟ್ಟಿದ್ದರು.

ಇದಕ್ಕಿಂತ ಮುಖ್ಯವಾದ ಘಟನೆ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ನಡೆಯಿತು. ಒಂಬತ್ತು ವಸಾಹತುಗಳ 27 ಪ್ರತಿನಿಧಿಗಳು ಒಂದೆಡೆ ಕುಳಿತು ದೊರೆಗೂ ಸಂಸತ್ತಿಗೂ ಮನವಿ ಬರೆದರು. ಅದುವರೆಗೆ ಗಡಿಗಾಗಿ, ವ್ಯಾಪಾರಕ್ಕಾಗಿ, ಮತಪಂಥಕ್ಕಾಗಿ ತಮ್ಮತಮ್ಮಲ್ಲೇ ಜಗಳವಾಡಿಕೊಂಡಿದ್ದವರು ಇವರು. ಅವರನ್ನು ಒಂದೇ ಮೇಜಿನ ಸುತ್ತ ಕೂರಿಸಿದ್ದು ಲಂಡನ್ನಿನ ಕಾಯಿದೆ.

ಪ್ರತಿನಿಧಿ ಎಂದರೆ ಯಾರು?

"ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ" ಎಂಬ ಘೋಷಣೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಇದಕ್ಕೆ ಬ್ರಿಟಿಷರು ಕೊಟ್ಟ ಉತ್ತರವನ್ನು ಓದುವವರು ಕಡಿಮೆ. ಅವರು ಹೇಳಿದ್ದು ಹೀಗೆ: ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್‌ನಂಥ ದೊಡ್ಡ ಊರುಗಳಿಗೂ ಸಂಸತ್ತಿನಲ್ಲಿ ತಮ್ಮದೇ ಸದಸ್ಯರಿಲ್ಲ. ಆದರೂ ಅವರು ತೆರಿಗೆ ಕೊಡುತ್ತಾರೆ. ಸಂಸತ್ತಿನ ಸದಸ್ಯ ಇಡೀ ಸಾಮ್ರಾಜ್ಯದ ಹಿತ ನೋಡುತ್ತಾನೆ. ಆದ್ದರಿಂದ ಮತ ಹಾಕದಿದ್ದವರಿಗೂ ಅವನು ಪ್ರತಿನಿಧಿಯೇ.

ವಸಾಹತಿನವರ ಮರುತ್ತರವೂ ಚುರುಕಾಗಿತ್ತು. ಮೇರಿಲ್ಯಾಂಡಿನ ವಕೀಲ ಡೇನಿಯಲ್ ಡುಲಾನಿ 1765ರ ತನ್ನ ಕಿರುಹೊತ್ತಗೆಯಲ್ಲಿ ಇದನ್ನು ಬಿಡಿಸಿಟ್ಟ. ಬ್ರಿಟನ್ನಿನಲ್ಲಿ ಮತವಿಲ್ಲದವನ ಮೇಲೆ ಬೀಳುವ ತೆರಿಗೆ ಮತವಿರುವವನ ಮೇಲೂ, ಸಂಸತ್ತಿನ ಸದಸ್ಯನ ಮೇಲೂ ಬೀಳುತ್ತದೆ. ಹಾಗಾಗಿ ಅವರು ಕೈಹಿಡಿದು ಹಾಕುತ್ತಾರೆ. ಅಮೆರಿಕದವರ ಮೇಲೆ ಹಾಕಿದ ತೆರಿಗೆ ಹಾಕುವವನಿಗೆ ತಟ್ಟುವುದೇ ಇಲ್ಲ. ಬದಲಿಗೆ ಅವನ ಹೊರೆ ಇಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಇಡೀ ಪಾಠದ ತಿರುಳು ಇದು. ಮನೆಯ ಯಜಮಾನ ತಾನೂ ಉಣ್ಣುವ ಊಟದಲ್ಲಿ ಉಪ್ಪು ಕಡಿಮೆ ಮಾಡಿದರೆ ಮನೆಮಂದಿ ಸಹಿಸಿಕೊಳ್ಳುತ್ತಾರೆ. ತಾನು ಬೇರೆಡೆ ಉಂಡು ಇವರ ಊಟಕ್ಕೆ ಕಟ್ಟಳೆ ಹಾಕಿದರೆ ಸಹಿಸುವುದಿಲ್ಲ.

ವಸಾಹತುಗಳು ಬ್ರಿಟಿಷ್ ಸರಕು ಕೊಳ್ಳುವುದನ್ನು ನಿಲ್ಲಿಸಿದವು. ಲಂಡನ್, ಬ್ರಿಸ್ಟಲ್‌ಗಳ ವ್ಯಾಪಾರಿಗಳೇ ಕಾಯಿದೆ ರದ್ದು ಮಾಡಿ ಎಂದು ಸಂಸತ್ತಿಗೆ ಮೊರೆಯಿಟ್ಟರು. 1766ರ ಮಾರ್ಚ್ 18ರಂದು ಸ್ಟಾಂಪ್ ಕಾಯಿದೆ ರದ್ದಾಯಿತು. ಜನ ಮತ್ತೆ ದೀಪ ಹಚ್ಚಿದರು. ನ್ಯೂಯಾರ್ಕಿನವರು ದೊರೆಗೆ ಕೃತಜ್ಞತೆಯ ಗುರುತಾಗಿ ಚಿನ್ನದ ಲೇಪದ, ಕುದುರೆಯೇರಿದ ಸೀಸದ ಪ್ರತಿಮೆ ಮಾಡಿಸಿ 1770ರಲ್ಲಿ ನಿಲ್ಲಿಸಿದರು. ಆದರೆ ರದ್ದಾದ ದಿನವೇ ಸಂಸತ್ತು ಇನ್ನೊಂದು ಕಾಯಿದೆ ಮಾಡಿತ್ತು: ವಸಾಹತುಗಳನ್ನು ಎಲ್ಲ ವಿಷಯಗಳಲ್ಲೂ ಬಂಧಿಸುವ ಕಾನೂನು ಮಾಡಲು ತನಗೆ ಪೂರ್ಣ ಅಧಿಕಾರವಿದೆ ಎಂದು. ಹಣ ಬಿಟ್ಟುಕೊಟ್ಟರು, ಹಕ್ಕು ಬಿಡಲಿಲ್ಲ. ದೀಪ ಹಚ್ಚಿದ ಸಂಭ್ರಮದಲ್ಲಿ ಅದನ್ನು ಗಮನಿಸಿದವರು ಕಡಿಮೆ.

ರಾಟೆ, ಬಂದೂಕು, ಚಿತ್ರ

1767ರಲ್ಲಿ ಹಣಕಾಸಿನ ಮಂತ್ರಿ ಚಾರ್ಲ್ಸ್ ಟೌನ್‌ಶೆಂಡ್ ಗಾಜು, ಸೀಸ, ಕಾಗದ, ಬಣ್ಣ ಮತ್ತು ಚಹಾದ ಮೇಲೆ ಆಮದು ಸುಂಕ ಹಾಕಿದ. ಊರೊಳಗಿನ ತೆರಿಗೆ ಬೇಡ ಎನ್ನುತ್ತೀರಲ್ಲ, ಬಂದರಿನಲ್ಲೇ ಕೊಡಿ ಎಂಬ ಜಾಣತನ ಅದು. ಆ ಹಣದಿಂದ ವಸಾಹತುಗಳ ರಾಜ್ಯಪಾಲರಿಗೂ ನ್ಯಾಯಾಧೀಶರಿಗೂ ಸಂಬಳ ಕೊಡುವ ಏರ್ಪಾಡಾಯಿತು. ಮೇಲುನೋಟಕ್ಕೆ ಇದು ಉಪಕಾರ. ಆದರೆ ಅದುವರೆಗೆ ಸಂಬಳ ಕೊಡುತ್ತಿದ್ದದ್ದು ಜನಪ್ರತಿನಿಧಿಗಳ ಸಭೆ. ರಾಜ್ಯಪಾಲ ಮಾತು ಕೇಳದಿದ್ದರೆ ಸಭೆ ಸಂಬಳ ತಡೆಹಿಡಿಯಬಹುದಿತ್ತು. ಜನರ ಕೈಯಲ್ಲಿದ್ದ ಆ ಒಂದೇ ಮೂಗುದಾರವನ್ನು ಈ ಸುಂಕ ಕತ್ತರಿಸಿತು.

ಪೆನ್ಸಿಲ್ವೇನಿಯದ ಜಾನ್ ಡಿಕಿನ್ಸನ್ ಒಬ್ಬ ರೈತನ ಹೆಸರಿನಲ್ಲಿ ಪತ್ರಿಕೆಗಳಿಗೆ ಬರೆದ ಪತ್ರಗಳು ಈ ಸೂಕ್ಷ್ಮವನ್ನು ಜನರಿಗೆ ತಿಳಿಸಿದವು. ಮತ್ತೆ ಬಹಿಷ್ಕಾರ ಶುರುವಾಯಿತು. ಈ ಬಾರಿ ಅದು ಮನೆಯೊಳಗೂ ಬಂತು. ಹೆಂಗಸರು ಪಾದ್ರಿಗಳ ಮನೆಯಂಗಳದಲ್ಲಿ ರಾಟೆ ಹಿಡಿದು ಸಾಮೂಹಿಕವಾಗಿ ನೂತರು. ಮನೆಯಲ್ಲಿ ನೂತ ಒರಟು ಬಟ್ಟೆ ತೊಡುವುದು ಮರ್ಯಾದೆಯ ಗುರುತಾಯಿತು. ನಮ್ಮ ಸ್ವದೇಶಿ ಚಳವಳಿಯನ್ನು ಓದಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಿಟಿಷ್ ವಸ್ತ್ರ ಬೇಡವೆಂದದ್ದು ಅಂಗಡಿಯ ಗಂಡಸರಾದರೂ, ಅದಿಲ್ಲದೆ ಸಂಸಾರ ನಡೆಸಿ ತೋರಿಸಿದವರು ಹೆಂಗಸರು. 1774ರಲ್ಲಿ ನಾರ್ತ್ ಕ್ಯಾರೊಲೈನಾದ ಈಡೆಂಟನ್ ಊರಿನ 51 ಮಹಿಳೆಯರು ಬಹಿಷ್ಕಾರಕ್ಕೆ ತಮ್ಮ ಹೆಸರಿನಲ್ಲೇ ಸಹಿ ಹಾಕಿದರು.

ಗಲಾಟೆ ಹೆಚ್ಚಿದಾಗ 1768ರ ಅಕ್ಟೋಬರಿನಲ್ಲಿ ಬ್ರಿಟಿಷ್ ಪಡೆ ಬೋಸ್ಟನ್ನಿಗೆ ಬಂದಿಳಿಯಿತು. ಶತ್ರುವಿಲ್ಲದ ಊರಿನಲ್ಲಿ ಸೈನ್ಯ ಏಕೆ ಎಂಬ ಪ್ರಶ್ನೆ ಬೀದಿಬೀದಿಯಲ್ಲಿ ಎದ್ದಿತು. 1770ರ ಮಾರ್ಚ್ 5ರ ರಾತ್ರಿ ಹಿಮದ ಉಂಡೆ, ಕೋಲು ಹಿಡಿದ ಗುಂಪಿಗೂ ಕಾವಲಿನ ಸೈನಿಕರಿಗೂ ನಡೆದ ಜಗಳದಲ್ಲಿ ಗುಂಡು ಹಾರಿ ಐದು ಜನ ಸತ್ತರು. ಅವರಲ್ಲೊಬ್ಬ ಕ್ರಿಸ್ಪಸ್ ಅಟಕ್ಸ್, ಆಫ್ರಿಕನ್ ಮೂಲದ ನಾವಿಕ. ಪಾಲ್ ರಿವಿಯರ್ ಮುದ್ರಿಸಿದ ಚಿತ್ರದಲ್ಲಿ ಸೈನಿಕರು ಸಾಲಾಗಿ ನಿಂತು ನಿರಾಯುಧರ ಮೇಲೆ ಗುಂಡು ಹಾರಿಸುತ್ತಾರೆ. ನ್ಯಾಯಾಲಯದಲ್ಲಿ ಹೊರಬಂದ ಸಂಗತಿ ಅಷ್ಟು ಸರಳವಾಗಿರಲಿಲ್ಲ. ಸೈನಿಕರ ಪರ ವಾದಿಸಿದವನು ಮುಂದೆ ಅಮೆರಿಕದ ಎರಡನೆಯ ಅಧ್ಯಕ್ಷನಾದ ಜಾನ್ ಆಡಮ್ಸ್. ಕ್ಯಾಪ್ಟನ್ ಪ್ರೆಸ್ಟನ್ನನೂ ಆರು ಸೈನಿಕರೂ ಬಿಡುಗಡೆಯಾದರು, ಇಬ್ಬರಿಗೆ ಮಾತ್ರ ಸಣ್ಣ ಶಿಕ್ಷೆಯಾಯಿತು. ಆದರೆ ತೀರ್ಪನ್ನು ಓದಿದವರಿಗಿಂತ ಚಿತ್ರ ನೋಡಿದವರು ಹೆಚ್ಚು. ಇಂದಿನ ಮೊಬೈಲಿನ ಕಾಲದ ಮಕ್ಕಳು ಇದನ್ನು ವಿಶೇಷವಾಗಿ ನೆನಪಿಡಬೇಕು.

ಅದೇ ಮಾರ್ಚ್ 5ರಂದು ಲಂಡನ್ನಿನಲ್ಲಿ ಹೊಸ ಪ್ರಧಾನಿ ಲಾರ್ಡ್ ನಾರ್ತ್, ಟೌನ್‌ಶೆಂಡ್ ಸುಂಕಗಳನ್ನು ತೆಗೆಯುವ ಪ್ರಸ್ತಾಪ ಇಟ್ಟಿದ್ದ. ಚಹಾದ ಮೇಲಿನ ಸುಂಕವೊಂದನ್ನು ಮಾತ್ರ ಉಳಿಸಿಕೊಂಡರು. ಹಕ್ಕಿನ ಗುರುತಿಗೆ ಒಂದಾದರೂ ಇರಲಿ ಎಂದು.

ಚಹಾ, ಕಂಪನಿ ಮತ್ತು ಹೈದರ್

ಈಗ ನಮ್ಮ ಪ್ರಶ್ನೆಗೆ ಬರೋಣ. ಬೋಸ್ಟನ್ನಿನ ಚಹಾ ಪೆಟ್ಟಿಗೆಗಳು ಯಾರವು? ನಮ್ಮ ದೇಶವನ್ನು ಆಳಲು ಆರಂಭಿಸಿದ್ದ ಅದೇ ಈಸ್ಟ್ ಇಂಡಿಯಾ ಕಂಪನಿಯವು. ಚಹಾ ಚೀನಾದ ಕ್ಯಾಂಟನ್ನಿನಿಂದ ಬಂದದ್ದು, ಅದನ್ನು ಮಾರಲೇಬೇಕೆಂಬ ಅವಸರ ಹುಟ್ಟಿದ್ದರಲ್ಲಿ ನಮ್ಮ ದೇಶದ ಕಥೆಯೂ ಸೇರಿದೆ. 1765ರಲ್ಲಿ ಬಂಗಾಳದ ದಿವಾನಿ ಕೈಗೆ ಬಂದಾಗ ಕಂಪನಿಯ ಷೇರುದಾರರು ಹೊನ್ನಿನ ಮಳೆಯನ್ನೇ ನಿರೀಕ್ಷಿಸಿದ್ದರು. ಬಂದದ್ದು ಬೇರೆ. ಮೈಸೂರಿನ ಹೈದರ್ ಅಲಿಯೊಂದಿಗೆ 1767ರಲ್ಲಿ ಶುರುವಾದ ಯುದ್ಧ, 1769ರಲ್ಲಿ ಅವನ ಸೈನ್ಯ ಮದ್ರಾಸಿನ ಬಾಗಿಲಿಗೆ ಬಂದು ನಿಂತು ಒಪ್ಪಂದ ಬರೆಸಿಕೊಳ್ಳುವುದರೊಂದಿಗೆ ಮುಗಿಯಿತು. ಆ ವರ್ಷ ದಕ್ಷಿಣ ಭಾರತದ ಸುದ್ದಿ ಲಂಡನ್ ತಲುಪಿದಾಗ ಕಂಪನಿಯ ಷೇರಿನ ಬೆಲೆ ಕುಸಿಯಿತು. ಹಿಂದೆಯೇ 1770ರ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. 1772ರಲ್ಲಿ ಯೂರೋಪಿನ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗಿದಾಗ ಕಂಪನಿಯ ಕೈ ಬರಿದಾಯಿತು. ಲಂಡನ್ನಿನ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ಸುಮಾರು 1 ಕೋಟಿ 70 ಲಕ್ಷ ರಾತ್ತಲು ಬಿದ್ದಿತ್ತು.

1773ರಲ್ಲಿ ಸಂಸತ್ತು ಕಂಪನಿಯನ್ನು ಉಳಿಸಲು ಮುಂದಾಯಿತು. 14 ಲಕ್ಷ ಪೌಂಡ್ ಸಾಲ ಕೊಟ್ಟಿತು. ಭಾರತದ ಆಡಳಿತವನ್ನು ಹದ್ದುಬಸ್ತಿಗೆ ತರಲು ರೆಗ್ಯುಲೇಟಿಂಗ್ ಕಾಯಿದೆ ಮಾಡಿತು. ವಾರನ್ ಹೇಸ್ಟಿಂಗ್ಸ್ ಗವರ್ನರ್ ಜನರಲ್ ಆದದ್ದು ಅದರಿಂದಲೇ. ಚಹಾ ಕಾಯಿದೆ ಬಂದದ್ದೂ ಅದೇ ವರ್ಷ, ಅದೇ ಸಂಸತ್ತಿನಿಂದ. ಅದರ ಪ್ರಕಾರ ಕಂಪನಿ ಬ್ರಿಟನ್ನಿನಲ್ಲಿ ಸುಂಕದ ಹೊರೆಯಿಲ್ಲದೆ ಅಮೆರಿಕಕ್ಕೆ ನೇರವಾಗಿ ಚಹಾ ಕಳುಹಿಸಿ ತನ್ನದೇ ಏಜೆಂಟರ ಮೂಲಕ ಮಾರಬಹುದು. ಅಮೆರಿಕದಲ್ಲಿ ರಾತ್ತಲಿಗೆ 3 ಪೆನ್ನಿಯ ಹಳೆಯ ಸುಂಕ ಮಾತ್ರ ಹಾಗೆಯೇ ಇರುತ್ತದೆ. ಕಳ್ಳಸಾಗಣೆಯ ಡಚ್ ಚಹಾದೊಡನೆ ಪೈಪೋಟಿ ಮಾಡುವಷ್ಟು ಅಗ್ಗ.

ಹಾಗಾದರೆ ಎಸೆದದ್ದೇಕೆ? ಮೂರು ಕಾರಣಗಳನ್ನು ಹೇಳಬಹುದು. ಒಂದನೆಯದು, ಆ ಚಹಾ ಕೊಂಡವನು ಆ 3 ಪೆನ್ನಿಯನ್ನೂ ಕೊಟ್ಟಂತೆ. ಅಂದರೆ ಸಂಸತ್ತಿನ ತೆರಿಗೆಯ ಹಕ್ಕನ್ನು ಒಪ್ಪಿದಂತೆ. ಹತ್ತು ವರ್ಷ ವಾದಿಸಿ ಬಿಡದಿದ್ದದ್ದನ್ನು ಅಗ್ಗದ ಆಸೆಗೆ ಬಿಟ್ಟುಕೊಡುವುದಾಗುತ್ತಿತ್ತು. ಎರಡನೆಯದು, ಸ್ಥಳೀಯ ವರ್ತಕರಿಗೆ ಹೊಟ್ಟೆಪಾಡಿನ ಪ್ರಶ್ನೆ. ಬೋಸ್ಟನ್ನಿನ ಏಜೆಂಟರಲ್ಲಿ ಆಗ ರಾಜ್ಯಪಾಲನಾಗಿದ್ದ ಹಚಿನ್ಸನ್‌ನ ಇಬ್ಬರು ಮಕ್ಕಳೂ ಇದ್ದರು. ಈ ವರ್ತಕರಲ್ಲಿ ಕಳ್ಳಸಾಗಣೆ ಮಾಡುತ್ತಿದ್ದವರೂ ಇದ್ದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಮೂರನೆಯದು, ಕಂಪನಿಯ ಭಯ. ಡಿಕಿನ್ಸನ್ 1773ರ ಕೊನೆಯಲ್ಲಿ ಬರೆದ ಪತ್ರವೊಂದರಲ್ಲಿ, ಏಷ್ಯಾದಲ್ಲಿ ಈ ಕಂಪನಿ ನಡೆದುಕೊಂಡ ರೀತಿಯನ್ನೂ, ಕ್ಷಾಮದಲ್ಲಿ ಜನ ಸತ್ತದ್ದನ್ನೂ ನೆನಪಿಸಿ, ನಾಳೆ ನಮ್ಮ ಗತಿಯೂ ಅದೇ ಎಂದು ಎಚ್ಚರಿಸಿದ. ಬಂಗಾಳದ ರೈತನ ಸಾವಿನ ಸುದ್ದಿ ಫಿಲಡೆಲ್ಫಿಯದ ವಾದಕ್ಕೆ ಸಾಕ್ಷಿಯಾಯಿತು.

ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಗಳಿಂದ ಚಹಾ ಹಡಗುಗಳು ಇಳಿಸದೆಯೇ ಹಿಂದಿರುಗಿದವು. ಬೋಸ್ಟನ್ನಿನಲ್ಲಿ ರಾಜ್ಯಪಾಲ ಹಿಂದಿರುಗಲು ಬಿಡಲಿಲ್ಲ. 1773ರ ಡಿಸೆಂಬರ್ 16ರ ರಾತ್ರಿ ಮೊಹಾಕ್ ಬುಡಕಟ್ಟಿನವರಂತೆ ವೇಷ ಹಾಕಿದ ಗುಂಪು ಡಾರ್ಟ್‌ಮೌತ್, ಎಲೆನರ್, ಬೀವರ್ ಎಂಬ ಮೂರು ಹಡಗುಗಳನ್ನೇರಿ 342 ಪೆಟ್ಟಿಗೆಗಳನ್ನು ಒಡೆದು ಕಡಲಿಗೆ ಸುರಿಯಿತು. ಸುಮಾರು 42 ಟನ್ ಚಹಾ, 9,000 ಪೌಂಡಿಗೂ ಹೆಚ್ಚಿನ ಬೆಲೆಯದು.

ಶಿಕ್ಷೆ ಒಬ್ಬರಿಗೆ, ನೋವು ಎಲ್ಲರಿಗೆ

ಈ ಕೃತ್ಯವನ್ನು ವಸಾಹತುಗಳಲ್ಲೇ ಎಲ್ಲರೂ ಮೆಚ್ಚಲಿಲ್ಲ. ಚಹಾದ ಬೆಲೆಯನ್ನು ಕಂಪನಿಗೆ ಕಟ್ಟಿಕೊಡುವುದು ಸರಿಯೆಂದು ಬೆಂಜಮಿನ್ ಫ್ರಾಂಕ್ಲಿನ್ ಭಾವಿಸಿದ. ಜಾರ್ಜ್ ವಾಷಿಂಗ್ಟನ್ನನಿಗೂ ಇದು ಹಿಡಿಸಲಿಲ್ಲ. ಲಂಡನ್ ಅಲ್ಲಿಗೆ ತಡೆದು ನಿಂತಿದ್ದರೆ ಕಥೆ ಹೇಗಾಗುತ್ತಿತ್ತೋ. ಆದರೆ 1774ರಲ್ಲಿ ಸಂಸತ್ತು ಕಠಿಣ ಕಾಯಿದೆಗಳ ಸರಣಿಯನ್ನೇ ತಂದಿತು. ಚಹಾದ ಬೆಲೆ ಕಟ್ಟುವವರೆಗೆ ಜೂನ್ 1ರಿಂದ ಬೋಸ್ಟನ್ ಬಂದರು ಬಂದ್. ಮ್ಯಾಸಚೂಸೆಟ್ಸ್‌ನ ಮೇಲ್ಮನೆಗೆ ಇನ್ನು ಚುನಾವಣೆಯಿಲ್ಲ, ನೇಮಕ. ಊರ ಸಭೆ ರಾಜ್ಯಪಾಲನ ಅನುಮತಿಯಿಲ್ಲದೆ ವರ್ಷಕ್ಕೆ ಒಂದೇ ಸಲ. ಅಧಿಕಾರಿಗಳ ಮೇಲಿನ ಮೊಕದ್ದಮೆಯನ್ನು ಬೇರೆ ವಸಾಹತಿಗೋ ಬ್ರಿಟನ್ನಿಗೋ ಒಯ್ಯಬಹುದು. ಸೈನಿಕರ ವಸತಿಗೆ ಖಾಲಿ ಕಟ್ಟಡಗಳನ್ನು ಪಡೆದುಕೊಳ್ಳಬಹುದು.

ಚಹಾ ಸುರಿದವರು ಕೆಲವರು. ಬಂದರು ಮುಚ್ಚಿದಾಗ ಉಪವಾಸ ಬಿದ್ದವರು ಕೂಲಿಯವರು, ಬಡಗಿಗಳು, ಮೀನುಗಾರರು, ಅವರ ಮಕ್ಕಳು. ಇದನ್ನು ಕಂಡು ಉಳಿದ ವಸಾಹತುಗಳು ಬೋಸ್ಟನ್ನಿಗೆ ಅಕ್ಕಿ, ಧಾನ್ಯ, ಕುರಿಮಂದೆ ಕಳುಹಿಸಿದವು. ಇಂದು ಬೋಸ್ಟನ್ನಿನ ಸಭೆ ಮುಚ್ಚಿಸಿದವರು ನಾಳೆ ನಮ್ಮದನ್ನು ಮುಚ್ಚಿಸಲಾರರೇ ಎಂಬ ಮಾತು ಹಬ್ಬಿತು. 1774ರ ಸೆಪ್ಟೆಂಬರ್ 5ರಂದು ಫಿಲಡೆಲ್ಫಿಯದಲ್ಲಿ ಜಾರ್ಜಿಯ ಬಿಟ್ಟು ಉಳಿದ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಸೇರಿದರು. ಅಲ್ಲಿಯೂ ಅವರು ದೊರೆಗೆ ಮನವಿಯನ್ನೇ ಬರೆದರು. ಜೊತೆಗೆ ಬ್ರಿಟಿಷ್ ಸರಕಿನ ಬಹಿಷ್ಕಾರ ನೋಡಿಕೊಳ್ಳಲು ಊರೂರಿಗೆ ಸಮಿತಿ ಮಾಡಿದರು. ಮುಂದೆ ಆಡಳಿತವಾಗಿ ಬೆಳೆದದ್ದು ಆ ಸಮಿತಿಗಳೇ. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಗುಂಡು ಹಾರಿತು. 1776ರ ಜುಲೈ 9ರಂದು ನ್ಯೂಯಾರ್ಕಿನಲ್ಲಿ ಸ್ವಾತಂತ್ರ್ಯ ಘೋಷಣೆಯನ್ನು ಓದಿದ ಮೇಲೆ, ಆರು ವರ್ಷ ಹಿಂದೆ ನಿಲ್ಲಿಸಿದ್ದ ದೊರೆಯ ಪ್ರತಿಮೆಯನ್ನು ಹಗ್ಗ ಹಾಕಿ ಉರುಳಿಸಿದರು. ಅದರ ಸೀಸ ಕರಗಿ ಬಂದೂಕಿನ ಗುಂಡಾಯಿತು.

ಪಟ್ಟಿಯಲ್ಲಿ ಇಲ್ಲದವರು

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುವುದು ಸುಲಭ. ಆದರೆ ಆಗ ವಸಾಹತುಗಳಲ್ಲಿದ್ದ ಸುಮಾರು 25 ಲಕ್ಷ ಜನರಲ್ಲಿ ಐದರಲ್ಲೊಬ್ಬರು ಗುಲಾಮರು. ತೆರಿಗೆ ಹಾಕುವುದನ್ನೇ ಗುಲಾಮಗಿರಿ ಎಂದು ಭಾಷಣ ಮಾಡಿದವರ ಮನೆಯಲ್ಲೇ ಗುಲಾಮರಿದ್ದರು. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ 1775ರಲ್ಲಿ ಇದನ್ನೇ ಎತ್ತಿ ಹಂಗಿಸಿದ. ಚಹಾ ಸುರಿದ 1773ರಲ್ಲೇ ಮ್ಯಾಸಚೂಸೆಟ್ಸ್‌ನ ಗುಲಾಮರು ತಮಗೂ ಬಿಡುಗಡೆ ಬೇಕೆಂದು ಶಾಸನಸಭೆಗೆ ಅರ್ಜಿ ಕೊಟ್ಟಿದ್ದರು. ಸಭೆ ಅವರಿಗೆ ಬಿಡುಗಡೆ ಕೊಡಲಿಲ್ಲ. 1763ರ ಘೋಷಣೆ ಮೀಸಲಿಟ್ಟ ನೆಲವೂ ಮೂಲನಿವಾಸಿಗಳಿಗೆ ಉಳಿಯಲಿಲ್ಲ. ರಾಟೆ ತಿರುಗಿಸಿದ ಹೆಂಗಸರಿಗೆ ಮತದಾನದ ಹಕ್ಕನ್ನು ಅಮೆರಿಕದ ಸಂವಿಧಾನ ಖಚಿತಪಡಿಸಿದ್ದು 1920ರಲ್ಲಿ. ದೊರೆಗೆ ನಿಷ್ಠರಾಗಿದ್ದ ನೆರೆಹೊರೆಯವರ ಮೈಗೆ ಬಿಸಿ ಟಾರು ಬಳಿದು ಗರಿ ಅಂಟಿಸಿ ಮೆರವಣಿಗೆ ಮಾಡಿದ್ದೂ ಇದೇ ಸ್ವಾತಂತ್ರ್ಯದ ಹೆಸರಿನಲ್ಲಿ. ತತ್ತ್ವ ದೊಡ್ಡದು, ಅದನ್ನು ಹೇಳಿದವರು ಅದರಷ್ಟು ದೊಡ್ಡವರಾಗಿರಲಿಲ್ಲ. ಹಾಗೆಂದು ತತ್ತ್ವ ಸುಳ್ಳಾಗುವುದಿಲ್ಲ. ಹೊರಗುಳಿದವರು ಮುಂದೆ ಅದನ್ನೇ ಹಿಡಿದು ತಮ್ಮ ಪಾಲು ಕೇಳಿದರು.

ಬ್ರಿಟನ್ನಿನಲ್ಲೂ ವಸಾಹತುಗಳ ಪರ ದನಿಯಿತ್ತು. ಮುಂದೆ ಹೇಸ್ಟಿಂಗ್ಸ್‌ನ ಮೇಲೆ ದೋಷಾರೋಪ ಮಾಡಿದ ಎಡ್ಮಂಡ್ ಬರ್ಕ್, ಅಮೆರಿಕದ ಜೊತೆ ರಾಜಿಯಾಗಿ ಎಂದು 1775ರಲ್ಲಿ ಸಂಸತ್ತಿಗೆ ಬೇಡಿಕೊಂಡವನು. ಇನ್ನೊಂದು ನಂಟು ನಮ್ಮ ನಾಡಿನ ಮಕ್ಕಳಿಗೆ ಬೇಗ ಅರ್ಥವಾಗುತ್ತದೆ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಅಮೆರಿಕದವರಿಗೆ ಶರಣಾದ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಟಿಪ್ಪುವಿನಿಂದ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಪಡೆದವನು. ಅಟ್ಲಾಂಟಿಕ್ಕಿನ ಆಚೆ ಬ್ರಿಟಿಷರೊಡನೆ ಹೋರಾಡುತ್ತಿದ್ದ ಪೆನ್ಸಿಲ್ವೇನಿಯದವರು 1782ರಲ್ಲಿ ತಮ್ಮ ಯುದ್ಧನೌಕೆಯೊಂದಕ್ಕೆ ಹೈದರ್ ಅಲಿಯ ಹೆಸರನ್ನೇ ಇಟ್ಟಿದ್ದರು.

ಮೂರು ಪೆನ್ನಿಯಿಂದ ನಮ್ಮ ಸಂವಿಧಾನಕ್ಕೆ

ಅಮೆರಿಕದ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ವಿರುದ್ಧ ದೂರುಗಳ ಉದ್ದನೆಯ ಪಟ್ಟಿಯಿದೆ. ಒಪ್ಪಿಗೆಯಿಲ್ಲದೆ ತೆರಿಗೆ ಹಾಕಿದ್ದು ಅದರ ನಡುವಿನಲ್ಲಿ ಬರುವ ಒಂದೇ ಒಂದು ಸಾಲು. ಸಭೆಗಳನ್ನು ವಿಸರ್ಜಿಸಿದ್ದು, ನ್ಯಾಯಾಧೀಶರನ್ನು ಸಂಬಳದ ಹಿಡಿತದಲ್ಲಿಟ್ಟುಕೊಂಡದ್ದು, ಪಂಚರ ವಿಚಾರಣೆ ತಪ್ಪಿಸಿದ್ದು, ಮನವಿಗೆ ಉತ್ತರವಾಗಿ ಹೊಸ ಗಾಯ ಮಾಡಿದ್ದು, ಇವೆಲ್ಲ ಉಳಿದ ಸಾಲುಗಳು. ತರಗತಿಯ ಪ್ರಶ್ನೆಗೆ ನನ್ನ ಉತ್ತರ ಈ ಪಟ್ಟಿಯಲ್ಲಿದೆ. ಜನ ಬೆಲೆ ನೋಡಿ ದಂಗೆ ಏಳಲಿಲ್ಲ. ತಮ್ಮನ್ನು ಕೇಳದೆ, ತಮಗೆ ಉತ್ತರ ಹೇಳಬೇಕಾಗಿಲ್ಲದವರು ನಿರ್ಧರಿಸುತ್ತಿದ್ದಾರೆ ಎಂಬುದು ಹನ್ನೆರಡು ವರ್ಷಗಳಲ್ಲಿ ಒಂದೊಂದೇ ಕಾಯಿದೆಯಿಂದ ಅವರಿಗೆ ಖಚಿತವಾಯಿತು.

ನಾವು ಇಂದು ಛಾಪಾ ಕಾಗದಕ್ಕೂ ಚಹಾಪುಡಿಗೂ ತೆರಿಗೆ ಕೊಡುತ್ತೇವೆ. ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ಹಾಕುವಂತಿಲ್ಲ, ವಸೂಲು ಮಾಡುವಂತಿಲ್ಲ ಎಂದು ನಮ್ಮ ಸಂವಿಧಾನದ 265ನೆಯ ವಿಧಿ ಹೇಳುತ್ತದೆ. ಹಣದ ಮಸೂದೆ ಆರಂಭವಾಗಬೇಕಾದದ್ದು ನಾವು ನೇರವಾಗಿ ಆರಿಸಿದ ಲೋಕಸಭೆಯಲ್ಲಿ, ರಾಜ್ಯದ ಮಟ್ಟದಲ್ಲಿ ವಿಧಾನಸಭೆಯಲ್ಲಿ. ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಮತವಿದೆ. ಬಾಯಿಪಾಠದಲ್ಲಿ ಒಣಗಿದಂತೆ ಕಾಣುವ ಈ ವಿಧಿಗಳ ಹಿಂದೆ ಸುಂಕದಕಟ್ಟೆಯ ಜಗಳ, ರಾಟೆಯ ಸದ್ದು, ಬಂದರು ಮುಚ್ಚಿದಾಗಿನ ಹಸಿವು ಎಲ್ಲವೂ ಇವೆ. ಮತ ಹಾಕುವುದನ್ನು ಹಗುರವಾಗಿ ಕಾಣಬಾರದೆಂದು ನಾನು ಮಕ್ಕಳಿಗೆ ಹೇಳುತ್ತಿದ್ದದ್ದು ಇದಕ್ಕಾಗಿಯೇ.

ಪಾಠಪುಸ್ತಕದಲ್ಲಿ ಅಮೆರಿಕದ ಅಧ್ಯಾಯಕ್ಕೂ ರೆಗ್ಯುಲೇಟಿಂಗ್ ಕಾಯಿದೆಯ ಅಧ್ಯಾಯಕ್ಕೂ ನಡುವೆ ಬಹಳ ಪುಟಗಳ ಅಂತರವಿದೆ. ಈಗ ಓದುತ್ತಿರುವ ಮಕ್ಕಳು ಎರಡು ಕಡೆಯೂ 1773 ಎಂಬ ಇಸವಿಯ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಲಿ. ಅರ್ಥವಾಗದ್ದನ್ನು ಎದ್ದು ನಿಂತು ಕೇಳಲಿ. ಐವತ್ತು ವರ್ಷ ಇಂಥ ಪ್ರಶ್ನೆಗಳನ್ನು ಕೇಳಿಸಿಕೊಂಡ ನಮ್ಮ ಶಾಲೆಯ ಗೋಡೆಗಳು ಇನ್ನೂ ಐವತ್ತು ವರ್ಷ ಕೇಳಿಸಿಕೊಳ್ಳಲಿ ಎಂದು ಹಾರೈಸುತ್ತೇನೆ.